ಮೂರನೇ ಸಲ ಸೋರಿದ ಎಣ್ಣೆ

ಆ ಹಳೆಯ ಸ್ಕೂಟರ್ ಮತ್ತೆ ಬಂದದ್ದು ಕಂಡು ಮೈಲೂರಿನ ಮೆಕ್ಯಾನಿಕ್ ಕಾಶೀರಾಮ ಕೈಲಿದ್ದ ಕೆಲಸ ಬದಿಗಿಟ್ಟ. ಭಾಲ್ಕಿಯಲ್ಲಿ ನರ್ಸ್ ಆಗಿದ್ದ ಉಜ್ವಲಾ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಳು. ಹಿಂದಿನ ಗಾಲಿಯ ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿತ್ತು. ಅವನು ಎರಡು ಸಲ ಎಣ್ಣೆ ತಡೆಯುವ ರಬ್ಬರ್ ಸೀಲ್ ಬದಲಿಸಿದ್ದ.

"ಇವತ್ತು ಬ್ರೇಕೇ ಹತ್ತಲಿಲ್ಲರಿ ಕಾಕಾ. ಕಾಲೂರಿ ನಿಲ್ಲಿಸಿದೆ," ಎಂದ ಉಜ್ವಲಾ, ರಾತ್ರಿ ಪಾಳಿಯ ದಣಿವಿನಲ್ಲಿ ಅಂಗಡಿಯ ಬಾಕಿನ ಮೇಲೆ ಕುಳಿತಲ್ಲೇ ನಿದ್ದೆಹೋದಳು.

ಕಾಶೀರಾಮ ಈ ಸಲ ಅವಸರ ಮಾಡಲಿಲ್ಲ. ಪೆಟ್ಟಿಗೆ ಒರೆಸಿ, ಸೋರುವ ಜಾಗ ಕಾಣಲೆಂದು ಪೌಡರ್ ಉದುರಿಸಿ, ಹತ್ತಿರದ ಕೊಳಾರದವರೆಗೆ ಮೆಲ್ಲಗೆ ಓಡಿಸಿಕೊಂಡು ಬಂದ. ನೋಯುವ ಮೊಣಕಾಲೂರಿ ಬಗ್ಗಿ ನೋಡಿದರೆ ಹೊಸ ಸೀಲಿನ ಸುತ್ತಲೇ ಪೌಡರ್ ಹಸಿಯಾಗಿತ್ತು. ಹೊಸದು ಯಾಕೆ ಸೋರಬೇಕು? ಪೆಟ್ಟಿಗೆಯ ಗಾಳಿ ಕೊಳವೆ ಬಿಚ್ಚಿದ. ಬುಸ್ಸೆಂದು ಗಾಳಿ ಹೊರಬಿತ್ತು. ಕೊಳವೆಯ ತುಂಬ ಒಣಗಿದ ಕೆಸರಿತ್ತು. ದಾರಿ ಸಿಗದ ಬಿಸಿಗಾಳಿ ಎಣ್ಣೆಯನ್ನು ಸೀಲಿನಿಂದ ಹೊರಗೆ, ಬ್ರೇಕಿನ ಮೇಲೆ ದಬ್ಬುತ್ತಿತ್ತು.

ಮೂವತ್ತು ವರ್ಷದ ಕಸುಬಿನವನು ಇದನ್ನು ಮೊದಲ ದಿನವೇ ನೋಡಬೇಕಿತ್ತು. ದಣಿವಿನಲ್ಲಿ ಸೀಲ್ ಹಾಕಿ ಕೈತೊಳೆದುಕೊಂಡಿದ್ದ.

"ಸಿಸ್ಟರ್, ತಪ್ಪು ನಂದೇ ಅದರಿ. ಎರಡು ಸಲ ಸರಿಯಾಗಿ ನೋಡ್ಲಿಲ್ಲ."

ಉಜ್ವಲಾ ಕಣ್ಣುಜ್ಜಿಕೊಂಡಳು. "ದಣಿದಾಗ ನನಗೂ ಹಂಗ ಆಗ್ತದರಿ ಕಾಕಾ. ಅದಕ್ಕೇ ಪೇಷಂಟಿಗೆ ಔಷಧಿ ಕೊಡಾಗ ಅಂಜಿಕಿ."

"ಕೊಳವಿ ಸ್ವಚ್ಛ ಮಾಡಿ, ಎಣ್ಣಿ ಕುಡಿದ ಬ್ರೇಕ್ ಶೂ ತೆಗೆದು ಹೊಸಾವು ಹಾಕ್ತೇನಿ. ಇನ್ನೊಂದು ತಾಸು ಮಲಕೋರಿ," ಎಂದು ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ.