ಅಧ್ಯಕ್ಷರ ಜಾಗದಲ್ಲಿ ಟಗರು

ನೆರಿಡಾ ಕಾಬೋಲ್ಡ್ ವಿರ್ರಿನಾ ಊರಿನ ಶಾಲಾ ಬಸ್ಸು ಓಡಿಸುವವಳು. ಕೃಷಿ ಮೇಳದ ಸಮಿತಿ ಸಭೆಗೆ ಒಮ್ಮೆ ತಡವಾಗಿ ಹೋದ ತಪ್ಪಿಗೆ ಮೇಳದ ವೆಬ್‌ಸೈಟು ಅವಳ ಕೊರಳಿಗೆ ಬಿತ್ತು. ಬೈದುಕೊಂಡೇ ಕಲಿತಳು, ಕಲಿತ ಮೇಲೆ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಈ ಸಲ ಸೈಟಿನ ಎಲ್ಲ ಪುಟಗಳ ನೆತ್ತಿಗೂ ಒಂದೇ ಅಚ್ಚಿನ ತಲೆಪಟ್ಟಿ ಮಾಡಿದಳು. ಅದರಲ್ಲಿ ಅಧ್ಯಕ್ಷ ಮರ್ವ್ ಪೆಂಗೆಲಿಯ ಫೋಟೊ, ಕೆಳಗೆ ‘ನಮ್ಮ ಹೆಮ್ಮೆಯ ಅಧ್ಯಕ್ಷರು’ ಎಂಬ ಸಾಲು. ಮೊದಲ ಪುಟದಲ್ಲಿ ಮರ್ವ್ ಟೋಪಿ ಹಾಕಿಕೊಂಡು ಚೆನ್ನಾಗಿಯೇ ಕಂಡ. ಉಳಿದ ಪುಟಗಳನ್ನು ನೋಡುವ ತಾಳ್ಮೆಯಿಲ್ಲದೆ ನೆರಿಡಾ ಬಸ್ಸು ತೊಳೆಯಲು ಹೋದಳು.

ಬೆಳಿಗ್ಗೆ ಮರ್ವ್ ಬಸ್ಸಿಗೇ ಅಡ್ಡ ನಿಂತ.

“ಏನಮ್ಮಾ, ಕುರಿ ಪುಟದಲ್ಲಿ ನನ್ ಜಾಗದಲ್ಲಿ ಟಗರು ಕೂತಿದೆಯಲ್ಲ!”

“ಯಾವ ಟಗರು?”

“ಕೆಳಗೆ ಹೆಮ್ಮೆಯ ಅಧ್ಯಕ್ಷರು ಅಂತಿದೆ, ಮೇಲೆ ಕೊಂಬಿದೆ! ಕೇಕಿನ ಪುಟದಲ್ಲಿ ನಾನು ಹಣ್ಣಿನ ಕೇಕು. ನಮ್ಮವಳು ನೋಡಿ, ‘ಇದೇ ಹೆಚ್ಚು ಹೋಲುತ್ತೆ’ ಅಂತಾಳೆ.”

ಬಸ್ಸಿನೊಳಗಿನ ಮಕ್ಕಳೆಲ್ಲ ಒಟ್ಟಿಗೆ “ಬ್ಯಾ” ಎಂದರು.

ತಪ್ಪು ಸಿಕ್ಕಿದ್ದು ಸಂಜೆ. ಪ್ರತಿ ವಿಭಾಗದಲ್ಲೂ ‘ಚಿತ್ರಗಳು’ ಎಂಬ ಫೋಲ್ಡರು, ಅದರಲ್ಲಿ ‘ಮುಖ್ಯ’ ಎಂಬ ಫೋಟೊ. ಇದು ಅವಳದೇ ಅಚ್ಚುಕಟ್ಟು. ತಲೆಪಟ್ಟಿಗೆ ಅವಳು ಹೇಳಿದ್ದು, ‘ಪಕ್ಕದ ಚಿತ್ರಗಳಿಂದ ಮುಖ್ಯವನ್ನು ತೆಗೆದುಕೋ’ ಎಂದಷ್ಟೇ. ಕುರಿ ಪುಟ ತನ್ನ ಪಕ್ಕ ನೋಡಿತು, ಟಗರನ್ನು ಎಳೆದು ತಂದಿತು.

“ಯಾರ ಪಕ್ಕ ಅಂತ ಹೇಳ್ಬೇಕಿತ್ತು ಕಣೇ, ದಡ್ಡಿ,” ಎಂದು ತನ್ನನ್ನೇ ಬೈದುಕೊಂಡಳು.

ಮದ್ದು ಸುಲಭ. ಫೋಟೊದ ವಿಳಾಸದ ಮುಂದೆ ಒಂದು ಓರೆಗೆರೆ (/) ಎಳೆದರೆ ಯಾವ ಪುಟವೇ ಆಗಲಿ ಸೈಟಿನ ಹೆಬ್ಬಾಗಿಲಿನಿಂದಲೇ ಹುಡುಕಲು ಹೊರಡುತ್ತದೆ. ತಲೆಪಟ್ಟಿಯೊಂದರಲ್ಲಿ ಎಳೆದಿದ್ದರೆ ಸಾಕಿತ್ತು. ಸಿಟ್ಟಿನಲ್ಲಿ ಅವಳು ಒಂದೇ ಏಟಿಗೆ ಇಡೀ ಸೈಟಿನ ಫೋಟೊಗಳಿಗೆಲ್ಲ ಎಳೆದುಬಿಟ್ಟಳು. ಹೆಬ್ಬಾಗಿಲ ಬಳಿ ಇದ್ದ ‘ಮುಖ್ಯ’ ಮರ್ವ್‌ನ ಫೋಟೊ ತಾನೆ, ಈಗ ಎಲ್ಲೆಲ್ಲೂ ಮರ್ವ್. ‘ಮೊದಲ ಬಹುಮಾನ: ಮೆರಿನೊ ಟಗರು’ ಎಂಬುದರ ಮೇಲೂ ಟೋಪಿ ಹಾಕಿಕೊಂಡ ಮರ್ವ್.

ಎರಡು ದಿನದಲ್ಲಿ ಕುರಿ ಸಾಕುವ ದೂರದ ಯಾರೋ ಮರ್ವ್‌ಗೆ ಫೋನು ಮಾಡಿದರು.

“ಫೋಟೊ ನೋಡ್ದೆ. ಉಣ್ಣೆ ಸ್ವಲ್ಪ ಕಮ್ಮಿ ಅನ್ಸುತ್ತೆ. ಆದ್ರೂ ಬೀಜಕ್ಕೆ ಬಿಡ್ತೀರಾ?”

“ಹೆಂಡ್ತೀನ ಕೇಳಿ ಹೇಳ್ತೀನಿ,” ಎಂದ ಮರ್ವ್.

ವಿಷಯ ತಿಳಿದು ನೆರಿಡಾ ಅವನ ಮನೆಗೆ ಓಡಿದಳು. “ಕ್ಷಮಿಸು ಮರ್ವ್, ಈಗ್ಲೇ ತೆಗೀತೀನಿ.”

ಅವನು ಚಹಾದ ಲೋಟವನ್ನೇ ನೋಡುತ್ತಾ ಕೂತಿದ್ದ. “ಇರ್ಲಿ ಬಿಡು ಮಾರಾಯ್ತಿ. ಎಷ್ಟು ವರ್ಷದಿಂದ ಮೇಳದ ಸ್ಪರ್ಧೆಗೆ ಕುಂಬಳಕಾಯಿ ಇಡ್ತಾ ಬಂದಿದ್ದೀನಿ, ಮೂರನೇ ಬಹುಮಾನಾನೂ ಬಂದಿಲ್ಲ. ಮೊದಲ ಬಹುಮಾನದ ಜೊತೆ ನನ್ ಮುಖ ಬಂದಿದ್ದು ಇದೇ ಮೊದಲು.”

ನೆರಿಡಾಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ವಾರವಿಡೀ ಹಾಗೇ ಬಿಟ್ಟಳು. ಟಗರಿನ ಯಜಮಾನತಿ ಬಂದು ಬಸ್ಸಿನ ಬಾಗಿಲು ಬಡಿದು ಕೂಗಾಡಿದ ಮೇಲೆ ಒಂದೊಂದೇ ಪುಟದ ಫೋಟೊವನ್ನು ಅದರ ಜಾಗಕ್ಕೆ ಸೇರಿಸಿದಳು. ಕುಂಬಳಕಾಯಿಯ ಪುಟದಲ್ಲಿ ಮೊದಲ ಬಹುಮಾನದ ಮೇಲಿದ್ದ ಮರ್ವ್‌ನನ್ನು ಮಾತ್ರ ಮುಟ್ಟಲಿಲ್ಲ. ಈವರೆಗೆ ಯಾರೂ ದೂರಿಲ್ಲ.