ಸಾವಿಗೆ ಅಂಕ ಹಾಕುವವರು

ಪರೀಕ್ಷಕರು ಒಮ್ಮೆ ಚಿತ್ರಮಂದಿರದಲ್ಲಿ ಕೆಮ್ಮಿದ್ದಕ್ಕೆ, ಪರದೆಯ ಮೇಲೆ ಸಾಯುತ್ತಿದ್ದ ನಾಯಕ ಗಾಬರಿಯಿಂದ ಎದ್ದು ಕೂತು ಮತ್ತೆ ಮೊದಲಿನಿಂದ ಸಾಯತೊಡಗಿದನಂತೆ. ಇದನ್ನು ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕೂರುವ ನಾಲ್ಕು ಜನ ಕಣ್ಣಾರೆ ಕಂಡಿದ್ದಾರೆ. ಅವರಲ್ಲಿ ಇಬ್ಬರು ಆಗಿನ್ನೂ ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು. ಇನ್ನೊಬ್ಬ ದೊಡ್ಡ ನಟ ತನ್ನ ಚಿತ್ರ ಬಿಡುಗಡೆಯಾದ ಶುಕ್ರವಾರ ಊಟ ಬಿಟ್ಟು, 'ಅವರು ಎಷ್ಟು ಕೊಟ್ಟರಂತೆ' ಎಂದು ಫೋನಿನ ಪಕ್ಕ ಕೂತಿದ್ದನೆಂದೂ, ಒಂಬತ್ತು ಎಂದು ತಿಳಿದ ಮೇಲೆ ಎರಡು ವರ್ಷ ಬರೀ ಹಾಸ್ಯಪಾತ್ರಗಳನ್ನೇ ಮಾಡಿದನೆಂದೂ ಪ್ರತೀತಿ.

ನಾವೆಲ್ಲ ಪರೀಕ್ಷಕರು ಎಂದು ಕರೆಯುತ್ತಿದ್ದ ಈ ಮಹಾನುಭಾವರು ವೃತ್ತಿಯಿಂದ ವಾರ್ಡ್ ಅಟೆಂಡರು. ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹಾಸಿಗೆಯ ಬಟ್ಟೆ ಬದಲಿಸಿದ್ದಾರೆ, ಬೆಡ್‌ಪ್ಯಾನ್ ಎತ್ತಿದ್ದಾರೆ, ಆಕ್ಸಿಜನ್ ಸಿಲಿಂಡರ್ ಉರುಳಿಸಿದ್ದಾರೆ. ಎಲ್ಲ ಮುಗಿದ ಮೇಲೆ ಹಸಿರು ಪರದೆ ಎಳೆದು, ಕಣ್ಣು ಮುಚ್ಚಿಸಿ, ಬಾಯಿ ತೆರೆದುಕೊಳ್ಳದಂತೆ ಗಲ್ಲಕ್ಕೆ ಪಟ್ಟಿ ಕಟ್ಟುವವರೂ ಅವರೇ. ಹೀಗೆ ಎಷ್ಟು ಜನರನ್ನು ಕಳಿಸಿಕೊಟ್ಟಿದ್ದಾರೋ ಅವರಿಗೇ ಮರೆತುಹೋಗಿದೆ. ಇಷ್ಟು ಓದಿಕೊಂಡವರು ಸಿನಿಮಾದ ಸಾವು ನೋಡಿದರೆ ಸುಮ್ಮನಿರುವುದಾದರೂ ಹೇಗೆ?

ಅವರು ಸಿನಿಮಾ ನೋಡುತ್ತಿದ್ದುದು ಸಾಯುವ ದೃಶ್ಯಕ್ಕಾಗಿ ಮಾತ್ರ. ಪ್ರೇಮ, ಹಾಡು, ಹೊಡೆದಾಟ ಎಲ್ಲಕ್ಕೂ ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಕೂತ ನಮ್ಮಲ್ಲೊಬ್ಬರು ಮೊಣಕೈಯಿಂದ ತಿವಿದು "ಸಾರ್, ಗುಂಡು ಬಿತ್ತು" ಎನ್ನಬೇಕು. ಆಗ ಎದ್ದು, ಕನ್ನಡಕ ಒರೆಸಿಕೊಂಡು, ಪೂರ್ತಿ ಸಾವು ನೋಡಿ, ಮಾರನೆಯ ದಿನ ಕ್ಷೌರದಂಗಡಿಯಲ್ಲಿ ಅಂಕ ಪ್ರಕಟಿಸುತ್ತಿದ್ದರು. ನೂರಕ್ಕೆ ಮೂವತ್ತೈದು ಬಂದರೆ ಪಾಸು. ಯಾರೂ ಪಾಸಾಗಿರಲಿಲ್ಲ. ಈಗಲೂ ಕೆಲಸ ಮಾಡುತ್ತಿರುವ ನಟರಿಗೆ ಮಾತ್ರ ಅಂಕ, ನಿವೃತ್ತರಿಗಿಲ್ಲ. "ತಿದ್ಕೊಳ್ಳೋಕೆ ಆಗದವರಿಗೆ ಮಾರ್ಕ್ಸ್ ಹಾಕಿ ಏನು ಉಪಯೋಗ?" ಎಂಬುದು ಅವರ ವಾದ.

ಬೀದಿಯ ಯುವಕರೆಲ್ಲ ಎದೆಯಲ್ಲಿಟ್ಟು ಪೂಜಿಸುತ್ತಿದ್ದ ಗಡ್ಡದ ನಾಯಕನ ಅತಿ ಶ್ರೇಷ್ಠ ಅಭಿನಯಕ್ಕೆ ಬಂದದ್ದು ನಾಲ್ಕು.

"ಮೂರು ಗುಂಡು ತಿಂದು, ಹನ್ನೊಂದು ನಿಮಿಷ ಮಾತಾಡಿ, ಶತ್ರೂನ ಕ್ಷಮಿಸಿ, ತಂಗಿ ಮದುವೆ ಮಾತುಕತೇನೂ ಮುಗಿಸಿ ಹೋದ," ಎಂದರು ಪರೀಕ್ಷಕರು, ಕೆನ್ನೆಗೆ ನೊರೆ ಹಚ್ಚಿಸಿಕೊಂಡೇ. "ನಮ್ಮ ವಾರ್ಡಲ್ಲಿ ಮೂಲವ್ಯಾಧಿ ಆಪರೇಷನ್ ಆದೋರಿಗೂ ಇಷ್ಟು ತ್ರಾಣ ಇರಲ್ಲ."

ಅವರ ಮೆಚ್ಚಿನ ಕಲಾವಿದೆಯೆಂದರೆ ಸದಾ ತಾಯಿಯ ಪಾತ್ರ ಮಾಡುವ ಒಬ್ಬ ನಟಿ. ಒಂದು ಚಿತ್ರದಲ್ಲಿ ಆಕೆ ಜ್ವರದಲ್ಲಿ ಮಲಗಿದ್ದು, ನಲ್ಲಿ ತೆರೆದು ಬಿಟ್ಟಿದ್ದಕ್ಕೆ ಮಗನನ್ನು ಬೈಯುತ್ತಾ ಬೈಯುತ್ತಾ ಮಾತಿನ ನಡುವೆಯೇ ನಿಂತುಹೋಗುತ್ತಾಳೆ. ಅಷ್ಟೇ. ಅದಕ್ಕೆ ಮೂವತ್ತನಾಲ್ಕು.

"ಅಯ್ಯೋ ಸಾರ್, ಇನ್ನೊಂದು ಮಾರ್ಕು ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದ ಕ್ಷೌರಿಕ.

"ಸತ್ತ ಮೇಲೆ ಒಂದು ಉಸಿರು ಎಳ್ಕೊಂಡ್ರು ಕಣಯ್ಯಾ. ಹೊದಿಕೆ ಅಲ್ಲಾಡ್ತು."

"ಒಂದೇ ಉಸಿರಲ್ವಾ?"

"ಒಂದು ಉಸಿರು ಅಂದ್ರೆ ಏನಂದ್ಕೊಂಡಿದೀಯ? ನಮ್ಮಲ್ಲಿ ಜನ ಅದಕ್ಕೇ ಬಾಗಿಲಲ್ಲಿ ನಿಂತಿರ್ತಾರೆ."

ಈ ಕಠೋರ ನ್ಯಾಯಪೀಠದ ಮುಂದೆ ಅತಿ ಹೆಚ್ಚು ಸಲ ಫೇಲಾದ ನಟ ಅವರದೇ ಮನೆಯಲ್ಲಿದ್ದ. ಪರೀಕ್ಷಕರ ಒಡಹುಟ್ಟಿದ ಅಣ್ಣ. ಬೀದಿಗೆಲ್ಲ ಅವರು 'ಅಣ್ಣಯ್ಯ'. ಸ್ಟುಡಿಯೋದಲ್ಲಿ ಮಾತ್ರ 'ಮೂರನೇ ಹೆಣ'. ನೂರ ಮೂರು ಚಿತ್ರಗಳಲ್ಲಿ ಅಭಿನಯಿಸಿ ನೂರ ಒಂದರಲ್ಲಿ ಸತ್ತಿದ್ದರು. ಉಳಿದ ಎರಡರಲ್ಲಿ ಕಥೆ ಶುರುವಾಗುವ ಮೊದಲೇ ಸತ್ತಿದ್ದರು. ನಾಯಕನ ಒದೆಗೆ ಕಿಟಕಿಯಿಂದ ಹಾರುವವರಲ್ಲಿ ಎರಡನೆಯವರು, ಸೇತುವೆ ಉರುಳಿದಾಗ ತೇಲುವವರಲ್ಲಿ ಎಡಗಡೆಯವರು ಇವರೇ. ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಿದ್ದರು.

ಒಂದೊಂದು ಚಿತ್ರ ಬಂದಾಗಲೂ ಊಟಕ್ಕೆ ಕೂತಲ್ಲಿ ಅದೇ ಪಂಚಾಯಿತಿ.

"ಲೋ, ಎಷ್ಟು ಕೊಟ್ಟೆ?"

"ಹನ್ನೆರಡು."

"ಹೋದ ಸಲ ಹದಿನಾಲ್ಕು ಕೊಟ್ಟಿದ್ದೆಯಲ್ಲೋ!"

"ಹೋದ ಸಲ ಬರೀ ಬೆನ್ನು ಕಾಣ್ತಿತ್ತು."

ಅಣ್ಣಯ್ಯ ತಟ್ಟೆ ಪಕ್ಕಕ್ಕಿಟ್ಟು ನೆಲದ ಮೇಲೆ ಇನ್ನೊಮ್ಮೆ ಬಿದ್ದು ತೋರಿಸುವರು. ಪರೀಕ್ಷಕರ ಹೆಂಡತಿ ಸೌಟು ಹಿಡಿದು ನಿಂತು, "ಭಾವ, ದಮ್ಮಯ್ಯ, ಅನ್ನ ಆರೋದ್ರೊಳಗೆ ಸತ್ತು ಮುಗಿಸಿ," ಎನ್ನುವರು.

ಹೀಗಿರಲಾಗಿ, ಅಣ್ಣಯ್ಯನಿಗೆ ಅರವತ್ತನಾಲ್ಕು ತುಂಬಿದ ವರ್ಷ ಒಬ್ಬ ಹೊಸ ನಿರ್ದೇಶಕ ಅವರನ್ನು ಹುಡುಕಿಕೊಂಡು ಬಂದ. ಮುದಿ ತಂದೆಯ ಪಾತ್ರ. ಚಿತ್ರದ ಕೊನೆಯಲ್ಲಿ ಹಾಸಿಗೆಯ ಮೇಲೆ ಸಾಯಬೇಕು. ಅಣ್ಣಯ್ಯ ಮೂರು ದಿನ ಯಾರಿಗೂ ಹೇಳದೆ ಇಟ್ಟುಕೊಂಡು, ನಾಲ್ಕನೆಯ ದಿನ ಪರೀಕ್ಷಕರು ಬಟ್ಟೆ ಒಣಗಹಾಕುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತರು.

"ಡೈಲಾಗ್ ಇದೆ ಕಣೋ."

"ಎಷ್ಟು?"

"ಒಂದು ಸಾಲು. ನನಗೆ ತೋಚಿದ್ದು ಹೇಳಬಹುದಂತೆ. ಕ್ಯಾಮೆರಾ ನಾಲ್ಕು ನಿಮಿಷ ಅಲ್ಲಾಡಲ್ವಂತೆ. ನನ್ನ ಮುಖದ ಮೇಲೇ ಇರುತ್ತಂತೆ."

"ಪಾಪ, ಕ್ಯಾಮೆರಾ."

ಅಣ್ಣಯ್ಯ ನಗಲಿಲ್ಲ. "ನೂರೊಂದು ಸಲ ಸತ್ತಿದ್ದೀನಿ. ನಿಜವಾದ್ದು ಒಂದೂ ನೋಡಿಲ್ಲ. ನಿಮ್ಮತ್ತಿಗೆ ಹೋದಾಗಲೂ ಸ್ಟುಡಿಯೋದಲ್ಲಿ ಹೆಣವಾಗಿ ಬಿದ್ದಿದ್ದೆ. ನೀನು ದಿನಾ ನೋಡ್ತೀಯ. ನನಗೊಂದು ತೋರಿಸು."

"ಅದೇನು ಮ್ಯಾಟಿನಿನಾ, ಟಿಕೆಟ್ ಹರಿದು ಒಳಗೆ ಬಿಡೋಕೆ?"

ಬೈದರು, ಒದ್ದೆ ಅಂಗಿಯನ್ನು ಎರಡು ಸಲ ಹಿಂಡಿದರು, ಕೊನೆಗೆ ಒಪ್ಪಿಕೊಂಡರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಷ್ಟರಲ್ಲಿ ಒಬ್ಬನಾದರೂ ಪರದೆಯ ಮೇಲೆ ಸರಿಯಾಗಿ ಸಾಯಲಿ ಎಂಬ ಆಸೆ ಅವರಿಗೂ ಇದ್ದೀತು. ಮುಂದೆ ನಡೆದದ್ದನ್ನು ಅಣ್ಣಯ್ಯ ನನಗೆ ಬಹಳ ಕಾಲದ ಮೇಲೆ ಹೇಳಿದರು, ಅದೂ ನಾನು ಕೇಳದೆಯೇ.

ಆಗ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬೀಗ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಜೊತೆಗೆ ಅವರ ಮಗಳು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು, ಒಂದೇ ಸ್ಟೂಲು, ಇದು ಆಸ್ಪತ್ರೆಯ ನಿಯಮ. ಆ ಕಬ್ಬಿಣದ ಸ್ಟೂಲಿನ ಮೇಲೆ ಅವಳು ಒಂಬತ್ತು ದಿನ ಕೂತಿದ್ದಳು. ಮುದುಕರು ಕಣ್ಣು ಬಿಟ್ಟಾಗಲೆಲ್ಲ "ಇನ್ಸ್‌ಪೆಕ್ಟ್ರೇ" ಎಂದು ಕರೆಯುತ್ತಿದ್ದರು.

"ಅದು ನಾನೇ ಅಂಕಲ್," ಎಂದು ಅವಳು ಪರೀಕ್ಷಕರಿಗೆ ನಾಚುತ್ತಾ ಹೇಳಿದ್ದಳು. "ಚಿಕ್ಕವಳಿದ್ದಾಗ ಅಪ್ಪ ಅಂಗಡಿಯಿಂದ ಬಂದ ತಕ್ಷಣ ಪೆಪ್ಪರ್‌ಮಿಂಟಿಗೆ ಜೇಬು ತಪಾಸಣೆ ಮಾಡ್ತಿದ್ದೆ. ಬಾಗಿಲಲ್ಲೇ ನಿಂತು ಜೇಬು ಹೊರಗೆ ಎಳೆದು ತೋರಿಸ್ತಿದ್ರು. ಆಗಿಂದ ಅದೇ ಹೆಸರು."

ಹತ್ತನೆಯ ದಿನ ಬೆಳಗ್ಗೆ ಪರೀಕ್ಷಕರು ಮುದುಕರ ಉಗುರು ನೋಡಿದರು, ಹೊದಿಕೆ ಎತ್ತಿ ಮಂಡಿ ನೋಡಿದರು, ಎರಡು ಉಸಿರುಗಳ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗೋಡೆ ಗಡಿಯಾರ ನೋಡಿಕೊಂಡು ನಿಂತರು. ಇವತ್ತೇ ಎಂದು ಅವರಿಗೆ ತಿಳಿಯಿತು. ಈ ವಿಷಯದಲ್ಲಿ ಅವರು ಡಾಕ್ಟರಿಗಿಂತ ಒಂದು ಗಂಟೆ ಮುಂದಿರುತ್ತಿದ್ದರು. ತಿಳಿದ ಮೇಲೆ ಮಗಳ ಹತ್ತಿರ ಬಂದು ಹೇಳಿದರು:

"ಇವತ್ತು ಏನೂ ಆಗಲ್ಲಮ್ಮ. ಮನೆಗೆ ಹೋಗಿ ಸ್ನಾನ ಮಾಡಿ, ಎರಡು ತುತ್ತು ತಿಂದು ಸಂಜೆ ಬಾ. ನಾನಿದ್ದೀನಿ."

"ನಿಜವಾಗ್ಲೂ ಹೋಗಬಹುದಾ ಅಂಕಲ್?"

"ಇಪ್ಪತ್ತೊಂಬತ್ತು ವರ್ಷ ಆಯ್ತಮ್ಮ ನಾನಿಲ್ಲಿ."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಅವಳು ಹನ್ನೊಂದಕ್ಕೆ ಹೊರಟಳು. ಹನ್ನೊಂದೂ ಹತ್ತಕ್ಕೆ ಅಣ್ಣಯ್ಯ, ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಆ ಸ್ಟೂಲಿನ ಮೇಲೆ ಕೂತರು. ಅದು ಇನ್ನೂ ಬೆಚ್ಚಗಿತ್ತಂತೆ.

ಮುದುಕರು ಹೋದದ್ದು ಎರಡು ಗಂಟೆಗೆ ಕಾಲು ಗಂಟೆ ಇರುವಾಗ. ಅಷ್ಟು ಹೊತ್ತೂ ನಿದ್ದೆ ಮಾಡಲಿಲ್ಲ. ಸ್ಟೂಲಿನ ಮೇಲೆ ಯಾರೋ ಇದ್ದಾರೆಂದು ಗೊತ್ತಾಗುತ್ತಿತ್ತು, ಯಾರೆಂದು ಕಾಣುತ್ತಿರಲಿಲ್ಲ. "ಇನ್ಸ್‌ಪೆಕ್ಟ್ರು ಬಂದ್ರಾ?" ಎಂದು ಕೇಳಿದರು. ಸ್ವಲ್ಪ ತಡೆದು ಮತ್ತೆ ಕೇಳಿದರು. ಅಣ್ಣಯ್ಯ ಉತ್ತರಿಸಲಿಲ್ಲ. ನೂರ ಮೂರು ಚಿತ್ರಗಳಲ್ಲಿ ಯಾರೂ ಅವರಿಂದ ಉತ್ತರ ಬಯಸಿರಲಿಲ್ಲ. ಹಾಸಿಗೆಯ ಕಾಲ ಬಳಿ ನಿಂತಿದ್ದ ಪರೀಕ್ಷಕರು 'ಬಂದ್ರು' ಎಂದೊಂದು ಮಾತು ಹೇಳಬಹುದಿತ್ತು. ಅವರು ಅಣ್ಣ ಸಾವನ್ನು ಸರಿಯಾಗಿ ಗಮನಿಸುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದರು. ಕೊನೆಗೆ ಮುದುಕರು ಆಸ್ಪತ್ರೆಯ ನೀಲಿ ಅಂಗಿಯ ಜೇಬಿಗೆ ಎರಡು ಬೆರಳು ತೂರಿಸಿ, ಅದರ ಒಳಬಟ್ಟೆಯನ್ನು ಹೊರಗೆಳೆದು ತೋರಿಸಿದರು. ಜೇಬು ಹಾಗೇ ಹೊರಗೆ ನೇತಾಡುತ್ತಾ ಉಳಿಯಿತು.

ನಾಲ್ಕು ಗಂಟೆಗೆ ಮಗಳು ತೊಳೆದ ಕೂದಲಲ್ಲಿ, ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಂದಳು. ಅಷ್ಟರಲ್ಲಿ ಪರೀಕ್ಷಕರು ಜೇಬನ್ನು ಒಳಗೆ ಸೇರಿಸಿದ್ದರು.

"ನಿದ್ದೆಯಲ್ಲೇ ಹೋದ್ರಮ್ಮ. ಅವರಿಗೆ ಏನೂ ಗೊತ್ತಾಗ್ಲಿಲ್ಲ."

"ನನ್ನ ಕೇಳಿದ್ರಾ?"

"ಇಲ್ಲಮ್ಮ."

ಇದು ಅವರು ಎಲ್ಲರಿಗೂ ಹೇಳುವ ಮಾತೇ. ಅವಳು ಅವರ ಎರಡೂ ಕೈ ಹಿಡಿದು, ಉಪಕಾರವಾಯಿತು ಎಂದು ಅತ್ತಳು.

ಮರುವರ್ಷ ಚಿತ್ರ ಬಂತು. ಇಡೀ ಬೀದಿ ಮೊದಲ ಆಟಕ್ಕೆ ದಂಡೆತ್ತಿ ಹೋಯಿತು. ಪರೀಕ್ಷಕರು ಅವತ್ತು ನಿದ್ದೆ ಮಾಡಲಿಲ್ಲ. ಕೊನೆಯ ನಾಲ್ಕು ನಿಮಿಷ ಪರದೆಯ ತುಂಬ ಅಣ್ಣಯ್ಯನ ಮುಖ. "ಇನ್ಸ್‌ಪೆಕ್ಟ್ರು ಬಂದ್ರಾ?" ಎಂಬ ಒಂದೇ ಸಾಲು, ಮತ್ತೆ ಮತ್ತೆ. ಆಮೇಲೆ ಜೇಬು. ಆಮೇಲೆ ಏನೂ ಇಲ್ಲ. ಹೊದಿಕೆ ಅಲ್ಲಾಡಲಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದವರು ಸುಲಿದದ್ದನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ಪತ್ರಿಕೆಗಳು ಇದನ್ನು ವರ್ಷದ ಅತ್ಯುತ್ತಮ ಅಭಿನಯ ಎಂದವು. ಆ ಬಾರದ ಇನ್ಸ್‌ಪೆಕ್ಟರ್ ಯಾರೆಂಬುದರ ಮೇಲೆ ಎರಡು ಪಂಗಡಗಳಾದವು. ಪ್ರಭುತ್ವ ಎಂದು ಒಬ್ಬರು, ಸಾಕ್ಷಾತ್ ಮೃತ್ಯು ಎಂದು ಇನ್ನೊಬ್ಬರು ಅರ್ಧ ಪುಟ ಬರೆದು ಪರಸ್ಪರ ಮುಖ ನೋಡುವುದು ಬಿಟ್ಟರು. ನಮಗೆ ಬೇಕಿದ್ದುದು ಮಾತ್ರ ಕ್ಷೌರದಂಗಡಿಯ ತೀರ್ಪು. ಪರೀಕ್ಷಕರು ಬಂದು, ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಹಿಂದೆ ನಿಂತಿದ್ದ ಅಣ್ಣನನ್ನು ನೋಡಿ ಹೇಳಿದರು:

"ನೂರು."

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು. ಅಣ್ಣಯ್ಯ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಮಗುವಿನಂತೆ ಅತ್ತರು. ಆ ಅಳುವಿಗೆ ಬೇರೆ ದಿನವಾಗಿದ್ದರೆ ಏಳು ಅಂಕವೂ ಬರುತ್ತಿರಲಿಲ್ಲ. ಅಂದಿನಿಂದ ಮೂರನೇ ಹೆಣ ಬೀದಿಯಲ್ಲಿ ಎದೆ ಸೆಟೆಸಿ ನಡೆಯಿತು. ಬಂದವರಿಗೆಲ್ಲ ಕ್ಷೌರಿಕ "ನೂರಕ್ಕೆ ನೂರು ತಗೊಂಡವರು ಇವರೇ" ಎಂದು ಪರಿಚಯಿಸುತ್ತಿದ್ದ.

ಮೂರನೆಯ ವಾರದ ಭಾನುವಾರ ಬೆಳಗ್ಗೆ ಒಬ್ಬಳು ಹೆಂಗಸು ಅಂಗಡಿಯ ಬಾಗಿಲಿಗೆ ಬಂದು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಮನೆ ಯಾವುದೆಂದು ಕೇಳಿದಳು. ಪರೀಕ್ಷಕರು ಒಳಗೇ ಇದ್ದರು. ಪಕ್ಕದ ಕುರ್ಚಿಯಲ್ಲಿ ಅಣ್ಣಯ್ಯ. ಹಿಂದಿನ ಬೆಂಚಿನ ಮೇಲೆ ನಾನು.

"ಸರಿಯಾದ ಜಾಗಕ್ಕೇ ಬಂದ್ರಿ," ಎಂದ ಕ್ಷೌರಿಕ, ಏನೂ ತಿಳಿಯದೆ, ಹಲ್ಲು ಕಿರಿದು. "ಅವರು ಇವರೇ. ಇವರು ಅವರಣ್ಣ, ದೊಡ್ಡ ಆ್ಯಕ್ಟರು. ಸಾಯೋ ಸೀನಿಗೆ ತಮ್ಮನ ಕೈಲಿ ನೂರಕ್ಕೆ ನೂರು ತಗೊಂಡಿದ್ದಾರೆ!"

ಅವಳು ಅಣ್ಣಯ್ಯನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪರೀಕ್ಷಕರ ಕಡೆ ತಿರುಗಿದಳು.

"ಅಂಕಲ್, ಫ್ಯಾಕ್ಟರಿಯವರು ಬುಧವಾರ ಆ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ರು. ಅವತ್ತಿಂದ ನಿದ್ದೆ ಇಲ್ಲ. ಅಪ್ಪ ನಿದ್ದೆಯಲ್ಲೇ ಹೋದ್ರು ಅಂದಿದ್ರಿ ನೀವು. ಅದು ನಮ್ಮಪ್ಪನ ಮಾತು. ಜೇಬು ನಮ್ಮಪ್ಪಂದು. ಒಂದೇ ಒಂದು ಹೇಳಿ ಸಾಕು. ಅಪ್ಪ ನನ್ನ ಕೇಳಿದ್ರಾ? ನಾನಿಲ್ಲ ಅಂತ ಅವರಿಗೆ ಗೊತ್ತಾಯ್ತಾ?"

ಅಣ್ಣಯ್ಯನ ಬಾಯಿ ತೆರೆಯಿತು. ತಮ್ಮ ಅವರತ್ತ ನೋಡಲೇ ಇಲ್ಲ.

"ನೀನು ಹೇಳಿದ್ದೆಯಲ್ಲಮ್ಮ ಪೆಪ್ಪರ್‌ಮಿಂಟಿನ ಕಥೆ," ಎಂದರು ಪರೀಕ್ಷಕರು. "ಅದನ್ನ ಮನೇಲಿ ಇವನಿಗೆ ಹೇಳಿದ್ದೆ. ಇವನು ಕದ್ದು ಸಿನಿಮಾಕ್ಕೆ ಸೇರಿಸ್ಕೊಂಡ. ತಪ್ಪು ನಂದೇ. ನಿಮ್ಮಪ್ಪ ನಿದ್ದೆಯಲ್ಲೇ ಹೋದ್ರು. ಇವನು ಮಾಡಿದ್ದೆಲ್ಲ ಬರೀ ನಾಟಕ. ಸಾಯೋರು ಯಾರೂ ಹಾಗೆ ಮಾಡಲ್ಲ."

ಅಣ್ಣಯ್ಯ ಬಾಯಿ ಮುಚ್ಚಿಕೊಂಡರು. ಅವಳು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಬಿಸ್ಕತ್ತಿನ ಪೊಟ್ಟಣ ತೂಕಕ್ಕಿಡುವಾಗ ತಕ್ಕಡಿಯ ಮುಳ್ಳನ್ನು ಹಾಗೇ ನೋಡುತ್ತಿದ್ದಳೇನೋ.

"ಬರೀ ನಾಟಕ ಆಗಿದ್ರೆ ನೂರು ಯಾಕೆ ಕೊಟ್ರಿ?"

ಪರೀಕ್ಷಕರು ಕೊರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು.

"ನಮ್ಮಣ್ಣ ಅಲ್ವೇನಮ್ಮ, ಅದಕ್ಕೆ."