ಆಶಾರಾಣಿಯ ನಡತೆ ಪತ್ರ

ತಾಯಲೂರಿನ ಆಶಾರಾಣಿ ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಕೇಳಲು ಹೋದಳು. ಮಂಡಿಯ ಸತ್ತಾರ್ ಸಾಹೇಬರು ಅವಳ ಶಾಲೆಯ ನಡತೆ ಪತ್ರ ನೋಡಿ ಅನುಮಾನಗೊಂಡು ನನಗೆ ಫೋನ್ ಮಾಡಿದರು. ತರಗತಿಯಲ್ಲಿ ಅವಳ ಗಲಾಟೆಗೆ ಸೋತು ಅದನ್ನು ಬರೆದವನು ಇಂಗ್ಲಿಷ್ ಮೇಷ್ಟ್ರಾದ ನಾನೇ.

“ಮೇಷ್ಟ್ರೇ, ಇದ್ರಲ್ಲಿ ಬರ್ದಿರೋ ‘ಅಬ್‌ಸ್ಟ್ರೆಪರಸ್’ ಅಂದ್ರೇನು? ಕಳ್ಳತನ ಗಿಳ್ಳತನಾನಾ?”

“ಅಯ್ಯೋ, ಅಲ್ಲ ಸಾಹೇಬ್ರೇ! ಲ್ಯಾಟಿನ್ನಿಂದ ಬಂದ ಪದ. ಎದುರು ನಿಂತು ಗದ್ದಲ ಮಾಡೋದು ಅಂತ ಮೂಲಾರ್ಥ. ಹೇಳಿದ ಮಾತು ಕೇಳದೆ ಕಿರುಚಾಡೋರಿಗೆ ಹಾಗಂತಾರೆ.”

“ನೂರು ವ್ಯಾಪಾರಿಗಳ ಮುಂದೆ ಕೂಗ್ತಾಳಾ?”

“ಕ್ಲಾಸಲ್ಲಿ ಕೂಗಿದ್ರೆ ಕೆರೆ ಏರಿಗೆ ಕೇಳ್ಸೋದು.”

“ಹಾಗಾದ್ರೆ ಈಗ್ಲೇ ಶುರು ಮಾಡಮ್ಮ,” ಎಂದು ಸಾಹೇಬರು ಅತ್ತ ತಿರುಗಿ ಹೇಳಿದ್ದು ಕೇಳಿಸಿತು.

“ಥ್ಯಾಂಕ್ಸ್ ಸಾರ್!” ಎಂದು ಅವಳು ಅಲ್ಲಿಂದಲೇ ಕೂಗಿದಳು.

ಮೂರು ವರ್ಷವಾಯಿತು. ಇಂದಿಗೂ ಅವಳ ಫೋನ್ ಬಂದರೆ ನಾನು ಮೊಳದುದ್ದ ದೂರ ಹಿಡಿದೇ ಮಾತನಾಡುತ್ತೇನೆ.